ಅಟ್ಲಾಸ್ ಪತಂಗದ ಬೆಟ್ಟದಲ್ಲಿ: ಆಗುಂಬೆ ಸೀಮೆಯ ಒಂದು ರಾತ್ರಿ ನಡಿಗೆಯ ವಿಮರ್ಶೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ ಸರಿದು, ಅಡಿಕೆ ತೋಟಕ್ಕೂ, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟಕ್ಕೂ ನಡುವೆ ಇರುವ ಹೋಂಸ್ಟೇಯೊಂದರಲ್ಲಿ ಅತಿಥಿಗಳಿಗಾಗಿ ನಡೆಸುವ ಪತಂಗ ನಡಿಗೆಯ ಕುರಿತು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೋಂಸ್ಟೇಯ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಕೊಟ್ಟಿಲ್ಲ. ಇದು ಒಂದು ಕುಟುಂಬ ತನ್ನ ತೋಟದ ಕೆಲಸದ ಜೊತೆಗೆ ನಡೆಸಿಕೊಂಡು ಬರುತ್ತಿರುವ ಸಣ್ಣ ವ್ಯವಸ್ಥೆ. ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಮುಚ್ಚುಮರೆಯಿಲ್ಲದೆ ಬರೆಯಬೇಕೆಂದಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಒಂದು ಜೀವಿ ಗೂಡು ಕಟ್ಟುವ ಮರವನ್ನು ಹುಡುಕಿಕೊಂಡು ವಾರಾಂತ್ಯದಲ್ಲಿ ಕಾರುಗಳು ಸಾಲುಗಟ್ಟಿ ನಿಲ್ಲುವುದು ನನಗೆ ಬೇಕಾಗಿಲ್ಲ. ಮಲೆನಾಡಿನಲ್ಲಿ ಈಗ ಇಂತಹ ನಡಿಗೆಗಳನ್ನು ಹಲವು ಹೋಂಸ್ಟೇಗಳು ಏರ್ಪಡಿಸುತ್ತಿರುವುದರಿಂದ, ಇಲ್ಲಿ ಕಂಡದ್ದನ್ನು ಓದಿದವರಿಗೆ ತಾವು ಹೋಗುವ ಜಾಗದಲ್ಲಿ ಏನನ್ನು ಕೇಳಬೇಕು, ಏನನ್ನು ಗಮನಿಸಬೇಕು ಎಂಬುದು ತಿಳಿದರೆ ಸಾಕು.

ಮೊದಲು ವ್ಯವಸ್ಥೆಯನ್ನು ಹೇಳುತ್ತೇನೆ. ಕತ್ತಲಾದ ಮೇಲೆ ಅಂಗಳದಿಂದ ಸ್ವಲ್ಪ ದೂರದ ಬಯಲಿನಲ್ಲಿ ಬಿಳಿಯ ಬಟ್ಟೆಯೊಂದನ್ನು ಎರಡು ಗಳಗಳ ನಡುವೆ ಬಿಗಿದು, ಅದರ ಮುಂದೆ ಒಂದು ದೀಪ ಹಚ್ಚುತ್ತಾರೆ. ದೀಪಕ್ಕೆ ಬಂದು ಬಟ್ಟೆಯ ಮೇಲೆ ಕುಳಿತ ಪತಂಗಗಳನ್ನು ನೋಡಿದ ಬಳಿಕ, ಮನೆಯ ಮಗನೇ ಮುಂದಾಗಿ ನಮ್ಮನ್ನು ತೋಟದ ಅಂಚಿನಿಂದ ಬೆಟ್ಟದೊಳಗೆ ಕರೆದೊಯ್ಯುತ್ತಾನೆ. ನಸುಕಿನಲ್ಲಿ ಏಳಲು ಸಿದ್ಧರಿರುವವರಿಗೆ ಇನ್ನೊಂದು ಸುತ್ತು ಇದೆ. ನಡಿಗೆ ನಡೆಯುವುದು ಅವರ ಸ್ವಂತ ತೋಟ, ಅದಕ್ಕೆ ಹೊಂದಿಕೊಂಡ ಸೊಪ್ಪಿನಬೆಟ್ಟ ಮತ್ತು ಊರ ದಾರಿಯಲ್ಲಿ ಮಾತ್ರ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿಯ ಹೊತ್ತು ಮೀಸಲು ಅರಣ್ಯಕ್ಕೆ ಕಾಲಿಡುವಂತಿಲ್ಲ ಎಂಬುದನ್ನು ಹೊರಡುವ ಮೊದಲೇ ಅವರು ಎಲ್ಲರಿಗೂ ಸ್ಪಷ್ಟವಾಗಿ ಹೇಳಿದರು. ಸೋಮೇಶ್ವರ ವನ್ಯಜೀವಿಧಾಮದ ಇಷ್ಟು ಹತ್ತಿರದಲ್ಲಿ ಈ ಎಚ್ಚರ ಇರಲೇಬೇಕಾದದ್ದು. ಕಾಡಿನೊಳಗೆ ಗುಟ್ಟಾಗಿ ಕರೆದೊಯ್ಯುತ್ತೇವೆಂದು ಆಸೆ ತೋರಿಸುವವರು ಸಿಕ್ಕರೆ ಅಲ್ಲಿಂದ ಹಿಂತಿರುಗಿ ಬರುವುದು ಒಳ್ಳೆಯದು.

ನಾನು ಅಲ್ಲಿಗೆ ಹೋದದ್ದು ಅಟ್ಲಾಸ್ ಪತಂಗವನ್ನು ನೋಡಬೇಕೆಂದು. ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆಯಲ್ಲಿ ಬೆಳೆದವನಿಗೆ ಈ ಆಸೆ ಹುಟ್ಟುವುದು ಸಹಜ. ನಮ್ಮಲ್ಲಿ ಮನೆಯ ಅರ್ಧ ಭಾಗ ಹುಳುವಿಗೇ ಮೀಸಲು: ಚಾಕಿ ಎಂಬ ಎಳೆ ಹುಳು ತಂದು, ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಹಾಕಿ, ಹುಳು ಪೊರೆ ಕಳಚುವ ಒಂದೊಂದು ಜ್ವರ ದಾಟಿಸಿ, ಗೂಡು ಕಟ್ಟುವಷ್ಟು ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡುವವರೆಗೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಆದರೆ ಇಷ್ಟೆಲ್ಲ ಸಾಕಿದ ಹುಳು ರೆಕ್ಕೆ ಬಂದು ಹಾರುವುದನ್ನು ನಾವು ನೋಡಿದವರಲ್ಲ. ವರ್ಷಕ್ಕೆ ಎರಡು ಪೀಳಿಗೆ ಕೊಡುವ ದ್ವಿತಳಿ ಹುಳುವಿನ ಒಳ್ಳೆಯ ಗೂಡೊಂದರಲ್ಲಿ ಸುಮಾರು ಸಾವಿರ ಮೀಟರಿನಷ್ಟು ಉದ್ದದ ಒಂದೇ ಎಳೆ ಇರುತ್ತದೆ. ಪತಂಗ ಗೂಡನ್ನು ಭೇದಿಸಿ ಹೊರಬಂದರೆ ಆ ಎಳೆ ಕೆಡುತ್ತದೆ. ಆದ್ದರಿಂದ ಒಳಗಿನ ಕೋಶವನ್ನು ಬಿಸಿಗೊಡ್ಡಿ ಮೊದಲೇ ಕೊಲ್ಲುತ್ತಾರೆ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಮಾತ್ರ ಪತಂಗ ಹೊರಬರಲು ಬಿಡುತ್ತಾರೆ, ಅಲ್ಲಿಯೂ ಅದು ಬಿಳಿಯ ರೆಕ್ಕೆ ಬಡಿಯುತ್ತಾ ತೆವಳುತ್ತದೆಯೇ ಹೊರತು ಹಾರಲಾರದು. ಸಾವಿರಾರು ವರ್ಷಗಳ ಸಾಕಣೆಯಲ್ಲಿ ಅದು ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ. ಅದರ ದೂರದ ಬಂಧುವೊಂದು ಯಾರ ಸಾಕಣೆಯೂ ಇಲ್ಲದೆ ಕಾಡಿನಲ್ಲಿ ಗೂಡು ಕಟ್ಟಿ, ತಾನಾಗಿ ಹೊರಬಂದು, ರೆಕ್ಕೆ ಬಿಚ್ಚಿ ಹಾರುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ನನಗೆ ಬಹಳ ಕಾಲದಿಂದ ಇದ್ದ ಹಂಬಲ.

ಬಂಧು ಎಂದದ್ದು ಸ್ವಲ್ಪ ವಿವರಣೆ ಬೇಡುತ್ತದೆ. ಹಿಪ್ಪುನೇರಳೆ ರೇಷ್ಮೆಯ ಪತಂಗ ಬಾಂಬಿಸಿಡೇ ಕುಟುಂಬಕ್ಕೆ ಸೇರಿದ್ದು; ಅಟ್ಲಾಸ್ ಪತಂಗ ಸ್ಯಾಟರ್ನಿಡೇ ಎಂಬ ಇನ್ನೊಂದು ಕುಟುಂಬಕ್ಕೆ ಸೇರಿದ್ದು. ಜಾರ್ಖಂಡ್, ಛತ್ತೀಸ್‌ಗಢಗಳ ಟಸರ್, ಅಸ್ಸಾಮಿನ ಮೂಗಾ ಮತ್ತು ಎರಿ ರೇಷ್ಮೆಗಳನ್ನು ಕೊಡುವ ಪತಂಗಗಳೂ ಈ ಎರಡನೆಯ ಕುಟುಂಬದವೇ. ನಮ್ಮ ಪಶ್ಚಿಮಘಟ್ಟದಲ್ಲಿ ಕಾಣಿಸುವ ಅಟ್ಲಾಸ್, ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಿಗೆ ಸೇರಿದ ಅಟಾಕಸ್ ಟ್ಯಾಪ್ರೊಬಾನಿಸ್ ಎಂಬ ಪ್ರಭೇದ. 1758ರಲ್ಲಿ ಲಿನೇಯಸ್ ಹೆಸರಿಟ್ಟ ಅಟಾಕಸ್ ಅಟ್ಲಾಸ್ ಇದರ ಹತ್ತಿರದ ಸಂಬಂಧಿ. ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯಾದವರೆಗೆ ಅದರ ಹರಹು. ಎರಡೂ ನೋಡಲು ಬಹಳಮಟ್ಟಿಗೆ ಒಂದೇ ಬಗೆ. ಹೋಂಸ್ಟೇಯ ಊಟದ ಕೋಣೆಯಲ್ಲಿ ತೂಗುಹಾಕಿರುವ ಫಲಕದಲ್ಲಿ ಇದನ್ನು 'ಪ್ರಪಂಚದ ಅತಿ ದೊಡ್ಡ ಪತಂಗ' ಎಂದು ಬರೆದಿದ್ದಾರೆ. ಇದನ್ನು ತಿದ್ದಬೇಕು. ದಕ್ಷಿಣ ಅಮೆರಿಕದ ವೈಟ್ ವಿಚ್ ಎಂಬ ಪತಂಗದ ರೆಕ್ಕೆಯ ಹರವು ಇದಕ್ಕಿಂತ ಹೆಚ್ಚು; ಆಸ್ಟ್ರೇಲಿಯಾ ಮತ್ತು ನ್ಯೂಗಿನಿಗಳ ಹರ್ಕ್ಯುಲಿಸ್ ಪತಂಗವೂ ದೊಡ್ಡದರಲ್ಲಿ ದೊಡ್ಡದು. ಜಗತ್ತಿನ ಅತಿ ದೊಡ್ಡ ಪತಂಗಗಳಲ್ಲಿ ಒಂದು ಎಂದರೆ ಈ ಜೀವಿಗೆ ಯಾವ ಕುಂದೂ ಬರುವುದಿಲ್ಲ.

ನಾನು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಬಿಡುವು ಕೊಟ್ಟು ಕೊಟ್ಟು ಸುರಿಯುತ್ತಿದ್ದ ಕಾಲದಲ್ಲಿ. ಮೊದಲ ರಾತ್ರಿ ದೀಪಕ್ಕೆ ಅಟ್ಲಾಸ್ ಬರಲಿಲ್ಲ. ಬರುತ್ತದೆಂದು ಮನೆಯವರು ಭರವಸೆ ಕೊಟ್ಟಿರಲೂ ಇಲ್ಲ. ಕೋಣೆ ಕಾಯ್ದಿರಿಸಲು ಫೋನ್ ಮಾಡಿದಾಗಲೇ "ಕಂಡರೆ ನಿಮ್ಮ ಅದೃಷ್ಟ, ಕಾಣದಿದ್ದರೆ ನಮ್ಮನ್ನು ಬಯ್ಯಬಾರದು ಮಾರಾಯ್ರೇ" ಎಂದು ಹೇಳಿದ್ದರು. ಆದರೆ ಆ ಹುಡುಗ ಬೇರೊಂದು ಸಂಗತಿಯನ್ನು ತಿಳಿಸಿದ. ಬೆಟ್ಟದ ಅಂಚಿನ ದಾಲ್ಚಿನ್ನಿ ಮರವೊಂದರಲ್ಲಿ ಮಳೆಗಾಲದ ನಡುವೆ ಹುಳು ಮೇಯುತ್ತಿದ್ದುದನ್ನು ಅವನು ಗುರುತಿಸಿದ್ದನಂತೆ. ಮೈಮೇಲೆಲ್ಲ ಬಿಳಿಯ ಮೇಣದ ಪುಡಿ ಹೊತ್ತ, ಮುಳ್ಳಿನಂತಹ ಮೆದು ಚಾಚಿಕೆಗಳಿರುವ ಆ ತಿಳಿಹಸಿರು ಹುಳು ಪೂರ್ತಿ ಬೆಳೆದಾಗ 10 ಸೆಂಟಿಮೀಟರ್ ದಾಟುತ್ತದೆ. ದಾಲ್ಚಿನ್ನಿ, ಪೇರಲೆ, ನಿಂಬೆಯ ಜಾತಿಯ ಗಿಡಗಳು ಅದಕ್ಕೆ ಮೇವು. ಅಡಿಕೆ ಮರಗಳ ಬುಡಕ್ಕೆ ಹಾಕಲು ಬೆಟ್ಟದಲ್ಲಿ ಸೊಪ್ಪು ಕಡಿಯುವ ಆಳುಗಳಿಗೆ ಆ ಕೊಂಬೆಯನ್ನು ಮುಟ್ಟಬಾರದೆಂದು ಹೇಳಿ, ಗುರುತಿಗೆ ಒಂದು ಬಟ್ಟೆಯ ಚೂರನ್ನು ಕಟ್ಟಿದ್ದ. ದಾಲ್ಚಿನ್ನಿ ಮೊಗ್ಗಿಗಾಗಿ ಕೊಂಬೆಗಳನ್ನೇ ಕಡಿದು ಇಳಿಸುವುದನ್ನು ಬಲ್ಲವರಿಗೆ ಈ ಒಂದು ಬಟ್ಟೆಯ ಚೂರಿನ ಬೆಲೆ ಎಷ್ಟೆಂದು ತಿಳಿಯುತ್ತದೆ. ನನ್ನ ಎಣಿಕೆಯಲ್ಲಿ ಈ ಹೋಂಸ್ಟೇಯ ನಿಜವಾದ ಸೇವೆ ಇದು. ದೀಪ, ಬಟ್ಟೆ, ಟಾರ್ಚುಗಳೆಲ್ಲ ಆಮೇಲಿನವು.

ಮರುದಿನ ಬೆಳಗ್ಗೆ ತಿಂಡಿಗೆ ಕುಳಿತಿದ್ದಾಗ ಅವನು ಬಂದು ಕರೆದ. ನಾವು ಹೋದಾಗ ಪತಂಗ ಗೂಡಿನಿಂದ ಹೊರಬಂದು ಕೆಲವು ಗಳಿಗೆಯಷ್ಟೇ ಆಗಿತ್ತು. ಗೂಡು ಇದ್ದದ್ದು ನನ್ನ ತಲೆಗಿಂತ ಸ್ವಲ್ಪ ಎತ್ತರದಲ್ಲಿ, ಒಣಗಿದ ಎಲೆಯೊಂದರ ಮಡಿಕೆಯೊಳಗೆ. ಎಲೆ ಒಣಗಿದರೂ ಉದುರದಂತೆ ಅದರ ತೊಟ್ಟನ್ನು ಹುಳು ರೇಷ್ಮೆಯಿಂದಲೇ ಕೊಂಬೆಗೆ ಸುತ್ತಿ ಬಿಗಿದಿತ್ತು. ಸೊಪ್ಪು ಹಾಕಿ, ಚಂದ್ರಿಕೆ ಕೊಟ್ಟು, ಮನೆಯನ್ನು ಬೆಚ್ಚಗಿಟ್ಟು ನಾವು ಮಾಡಿಸುವ ಗೂಡನ್ನಷ್ಟೇ ಕಂಡಿದ್ದ ನನಗೆ, ಗಾಳಿ ಮಳೆಗಳ ನಡುವೆ ತನ್ನ ಎಲೆಯನ್ನು ತಾನೇ ಕಟ್ಟಿಕೊಂಡ ಈ ಜಾಣ್ಮೆಯನ್ನು ಕಂಡು ಮಾತು ಹೊರಡಲಿಲ್ಲ. ಗೂಡಿನ ಬಣ್ಣ ಮಾಸಿದ ಕಂದು, ಮೇಲ್ತುದಿಯಲ್ಲಿ ಒಂದು ಬಾಯಿ. ನಮ್ಮ ರೇಷ್ಮೆಯಂತೆ ಒಂದೇ ಎಳೆಯಾಗಿ ಇದನ್ನು ಬಿಚ್ಚಲಾಗದು. ಎಳೆಗಳು ತುಂಡು ತುಂಡಾಗಿರುವುದರಿಂದ ಹತ್ತಿಯಂತೆ ನೂಲಬೇಕಾಗುತ್ತದೆ. ಹಾಗೆ ನೂತ ಫಗಾರಾ ರೇಷ್ಮೆ ಬಾಳಿಕೆ ಬರುತ್ತದೆಂದು ಹೆಸರಾಗಿದ್ದರೂ ವ್ಯಾಪಾರವಾಗಿ ಬೆಳೆಯಲಿಲ್ಲ. ತೈವಾನಿನಲ್ಲಿ ಖಾಲಿ ಗೂಡುಗಳನ್ನು ಚಿಲ್ಲರೆ ಹಣದ ಚೀಲಗಳನ್ನಾಗಿ ಬಳಸುತ್ತಿದ್ದರು.

ಪತಂಗ ಗೂಡಿಗೇ ಜೋತುಬಿದ್ದು, ರೆಕ್ಕೆಗಳನ್ನು ಕೆಳಕ್ಕೆ ಇಳಿಬಿಟ್ಟಿತ್ತು. ಹೊರಬಂದಾಗ ರೆಕ್ಕೆಗಳು ಮುದುಡಿದ ಸಣ್ಣ ತುಣುಕುಗಳಾಗಿರುತ್ತವೆ. ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ತುಂಬಿ ತುಂಬಿ ಪತಂಗ ಅವನ್ನು ಬಿಚ್ಚುತ್ತದೆ. ಆ ಹೊತ್ತಿನಲ್ಲಿ ಕೆಳಕ್ಕೆ ಜೋತಾಡಲು ಜಾಗ ಸಿಗದಿದ್ದರೆ, ಅಥವಾ ಯಾರಾದರೂ ಮುಟ್ಟಿ ಕೆಡವಿದರೆ, ರೆಕ್ಕೆ ಸೊಟ್ಟಗಾಗಿಯೇ ಗಟ್ಟಿಯಾಗುತ್ತದೆ, ಆ ಜೀವಿ ಮತ್ತೆ ಹಾರುವುದಿಲ್ಲ. ನಮ್ಮ ಜೊತೆಯಲ್ಲಿದ್ದ ಇನ್ನೊಬ್ಬ ಅತಿಥಿ ಫೋಟೋಗಾಗಿ ಕೊಂಬೆಯನ್ನು ಬಗ್ಗಿಸಲು ಕೈ ಚಾಚಿದಾಗ ಹುಡುಗ ತಡೆದ. "ಮುಟ್ಟೋದು ಬೇಡ ಸಾರ್, ರೆಕ್ಕೆ ಇನ್ನೂ ಹಸಿ ಇದೆ. ಇಲ್ಲಿಂದಲೇ ನೋಡಿ, ಮಧ್ಯಾಹ್ನದವರೆಗೂ ಎಲ್ಲಿಗೂ ಹೋಗೋದಿಲ್ಲ" ಎಂದ. ಗದರಲಿಲ್ಲ, ಆದರೆ ದಾರಿಯನ್ನೂ ಬಿಡಲಿಲ್ಲ. ಅತಿಥಿಗೂ ಕೊಂಬೆಗೂ ನಡುವೆ ತಾನೇ ಹೋಗಿ ನಿಂತ. ಹಣ ಕೊಟ್ಟು ಬಂದವರಿಗೆ ಹೀಗೆ ಬೇಡವೆನ್ನಲು ಧೈರ್ಯ ಬೇಕು. ಇಂತಹ ಸೇವೆಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಅಲ್ಲಿ ನಿಂತು ನೋಡಿದ್ದನ್ನು ಸ್ವಲ್ಪ ವಿವರವಾಗಿ ಬರೆಯಲೇಬೇಕು. ಅದು ಹೆಣ್ಣು. ದಪ್ಪನೆಯ, ಕೆಂಗಂದು ರೋಮದ ಮೈ. ಅದರ ಮೇಲೆ ಬಿಳಿಯ ಪಟ್ಟೆ. ರೆಕ್ಕೆಗಳು ನಿಧಾನವಾಗಿ ಬಿಗಿದುಕೊಂಡಂತೆ ಬಣ್ಣಗಳು ತಿಳಿಯಾದವು: ಇಟ್ಟಿಗೆಗೆಂಪು, ಅದರ ಮೇಲೆ ಬಿಳಿ ಮತ್ತು ಕಪ್ಪು ಗೆರೆಗಳ ನಡುವೆ ಹರಿಯುವ ನಸುಗುಲಾಬಿ, ಅಂಚಿನಲ್ಲಿ ಮಾಗಿದ ಹಳದಿ. ನಾಲ್ಕೂ ರೆಕ್ಕೆಗಳಲ್ಲಿ ಕಪ್ಪು ಅಂಚಿನ ಒಂದೊಂದು ತ್ರಿಕೋನ ಕಿಟಕಿ. ಆ ಜಾಗದಲ್ಲಿ ಹುರುಪೆಗಳೇ ಇರುವುದಿಲ್ಲವಾದ್ದರಿಂದ ಅದು ಪಾರದರ್ಶಕ. ಹಿಂದಿನ ಎಲೆಯ ಹಸಿರು ಅದರ ಮೂಲಕ ಕಾಣಿಸುತ್ತಿತ್ತು. ಮುಂದಿನ ರೆಕ್ಕೆಯ ತುದಿ ಹೊರಕ್ಕೆ ಬಾಗಿ, ಒಂದು ಕಪ್ಪು ಚುಕ್ಕೆಯೊಡನೆ, ಪಕ್ಕದಿಂದ ನೋಡಿದಾಗ ನಿಸ್ಸಂಶಯವಾಗಿ ಹಾವಿನ ಹೆಡೆಯೇ. ಕೆಣಕಿದಾಗ ಈ ಪತಂಗ ನೆಲಕ್ಕೆ ಬಿದ್ದು ರೆಕ್ಕೆಗಳನ್ನು ನಿಧಾನವಾಗಿ ಆಡಿಸುತ್ತದೆ. ಆಗ ಆ ತುದಿಗಳು ಹಾವು ಹೊರಳಿದಂತೆ ಚಲಿಸಿ ಹಕ್ಕಿಗಳನ್ನೂ ಹಲ್ಲಿಗಳನ್ನೂ ಬೆದರಿಸುತ್ತವೆ ಎಂಬುದು ಕೀಟತಜ್ಞರ ವಿವರಣೆ. ದೊಡ್ಡ ಹೆಣ್ಣುಗಳಲ್ಲಿ ರೆಕ್ಕೆಯ ಹರವು 24 ಸೆಂಟಿಮೀಟರ್‌ವರೆಗೂ ಹೋಗುತ್ತದೆ. ಪುಸ್ತಕದಲ್ಲಿ ಅದು ಒಂದು ಅಂಕಿ. ಮರದ ಕೆಳಗೆ ನಿಂತಾಗ, ನನ್ನ ಎರಡೂ ಅಂಗೈಗಳನ್ನು ಅಗಲಿಸಿ ಜೋಡಿಸಿದರೂ ಅದನ್ನು ಮರೆಮಾಡಲಾಗುತ್ತಿರಲಿಲ್ಲ.

ಅದಕ್ಕೆ ಬಾಯಿಯಿಲ್ಲ ಎಂಬುದನ್ನು ಹುಡುಗ ಆಗ ಹೇಳಿದ. ಆಹಾರ ಹೀರುವ ಅಂಗ ಬೆಳೆದೇ ಇರುವುದಿಲ್ಲ. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನಿಂದಲೇ ಪತಂಗ ಒಂದೆರಡು ವಾರ ಬದುಕುತ್ತದೆ. ನಮ್ಮ ರೇಷ್ಮೆ ಪತಂಗವೂ ತಿನ್ನುವುದಿಲ್ಲವಾದ್ದರಿಂದ ನನಗೆ ಅದು ಹೊಸದಾಗಿರಲಿಲ್ಲ, ಆದರೆ ಈ ಗಾತ್ರದ ಜೀವಿಯೊಂದನ್ನು ಎದುರಿಗೆ ನೋಡುತ್ತಾ ಆ ಮಾತನ್ನು ಕೇಳಿದಾಗ ಅದರ ಭಾರ ಬೇರೆಯೇ ಆಯಿತು. ಒಮ್ಮೆ ಬೆದರಿ ರೆಕ್ಕೆ ಬಡಿದರೂ ಮತ್ತೆ ತುಂಬಲಾಗದ ಗಂಟಿನಿಂದ ಖರ್ಚಾದಂತೆ. ಅಟ್ಲಾಸ್ ಸಿಕ್ಕಿದೆಯೆಂದು ಅದನ್ನು ಕೈಮೇಲೆ, ಮಗುವಿನ ತಲೆಯ ಮೇಲೆ, ಸೀರೆಯ ಸೆರಗಿನ ಮೇಲೆ ಕೂರಿಸಿ ತೆಗೆದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಆ ಚಿತ್ರ ತೆಗೆಸಿಕೊಂಡವರಿಗೆ ಕೆಟ್ಟ ಉದ್ದೇಶವಿರಲಿಲ್ಲವೆಂದು ನಾನು ಬಲ್ಲೆ. ಆದರೂ, ಹಾಗೆ ಕೂರಿಸಿದ ಪ್ರತಿ ಗಳಿಗೆಗೂ ಅದರ ಆಯುಷ್ಯದಿಂದಲೇ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ತಿಳಿದ ಮೇಲೆ ಯಾರೂ ಹಾಗೆ ಮಾಡಲಾರರು ಎಂದು ನಂಬಿದ್ದೇನೆ. ಇದನ್ನು ನಡಿಗೆಯ ಆರಂಭದಲ್ಲಿಯೇ ಎಲ್ಲರಿಗೂ ಹೇಳುವ ಪದ್ಧತಿ ಇಲ್ಲಿ ಇನ್ನೂ ಇಲ್ಲ. ಪತಂಗ ಎದುರಾದ ಮೇಲೆ, ಕೇಳಿದವರಿಗೆ ಹೇಳುತ್ತಾರೆ. ಮೊದಲೇ ಹೇಳಬೇಕು.

ಹೊಸದಾಗಿ ಹೊರಬಂದ ಹೆಣ್ಣು ದೂರ ಹೋಗುವುದಿಲ್ಲ. ಗೂಡಿನ ಆಸುಪಾಸಿನಲ್ಲೇ ಕುಳಿತು ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ಮನುಷ್ಯರ ಮೂಗಿಗೆ ತಿಳಿಯದ ಆ ವಾಸನೆಯ ಜಾಡು ಹಿಡಿದು ಗಂಡು ದೂರದಿಂದ ಕತ್ತಲಲ್ಲಿ ಹಾರಿಬರುತ್ತದೆ. ಆದ್ದರಿಂದ ಆ ರಾತ್ರಿ ಬಿಳಿ ಬಟ್ಟೆಯ ದೀಪವನ್ನು ಹಚ್ಚುವುದಿಲ್ಲವೆಂದು ಹುಡುಗ ಹೇಳಿದ. ದೀಪ ಹಚ್ಚಿದರೆ ಬರುವ ಗಂಡು ದಾರಿ ತಪ್ಪಿ ಬಟ್ಟೆಗೆ ಬಂದು ಬೀಳಬಹುದು. ಆ ರಾತ್ರಿಗೆಂದೇ ಬಂದಿದ್ದ ಒಂದು ಕುಟುಂಬಕ್ಕೆ ಬೇಸರವಾಯಿತು, ಅದು ನ್ಯಾಯವೂ ಹೌದು. ಅವರಿಂದ ನಡಿಗೆಯ ಹಣವನ್ನು ಮನೆಯವರು ತೆಗೆದುಕೊಳ್ಳಲಿಲ್ಲ. ನಸುಕಿನಲ್ಲಿ ಕೆಂಪು ಹಾಳೆ ಸುತ್ತಿದ ಟಾರ್ಚನ್ನು ಹಿಡಿದು ನಾವು ಮತ್ತೆ ಅಲ್ಲಿಗೆ ಹೋದಾಗ ಗಂಡು ಬಂದಿತ್ತು. ಹೆಣ್ಣಿಗಿಂತ ಸ್ವಲ್ಪ ಚಿಕ್ಕದು, ರೆಕ್ಕೆಯ ತುದಿ ಇನ್ನಷ್ಟು ಬಾಗಿದ್ದು, ಮೀಸೆಗಳು ಗರಿಯಂತೆ ಅಗಲ. ಆ ಗರಿಯ ಪ್ರತಿಯೊಂದು ಕವಲೂ ವಾಸನೆಯ ಕಣವನ್ನು ಹಿಡಿಯಲೆಂದೇ ಇರುವುದು. ಎರಡೂ ಹಿಂಬದಿಯಿಂದ ಕೂಡಿಕೊಂಡು, ಒಂದೇ ಕೊಂಬೆಗೆ ಜೋತುಬಿದ್ದಿದ್ದವು. ಹಾಗೆ ಅವು ಎಷ್ಟೋ ತಾಸು ಇರುತ್ತವೆ. ನಾವು ಬಹಳ ಹೊತ್ತು ನಿಲ್ಲಲಿಲ್ಲ. ನಿಲ್ಲಲು ಹುಡುಗ ಬಿಡಲೂ ಇಲ್ಲ.

ದೀಪದ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಪತಂಗ ನಡಿಗೆಯೊಂದು ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ. ಪತಂಗಗಳು ದೀಪವನ್ನು ಮೋಹಿಸಿ ಬಂದು ಬೀಳುತ್ತವೆಂದು ನಮ್ಮ ಕಾವ್ಯಗಳು ಹೇಳಿಕೊಂಡು ಬಂದಿವೆ. ಅತಿವೇಗದ ಕ್ಯಾಮೆರಾಗಳಿಂದ ಕೀಟಗಳ ಹಾರಾಟವನ್ನು ದಾಖಲಿಸಿ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯದನ್ನು ತೋರಿಸಿತು: ಹಾರುವ ಕೀಟಗಳು ತಮ್ಮ ಬೆನ್ನನ್ನು ಬೆಳಕಿನ ಕಡೆಗೆ ಇಟ್ಟುಕೊಂಡು ಮೇಲು ಯಾವುದು ಕೆಳಗು ಯಾವುದು ಎಂದು ತಿಳಿಯುತ್ತವೆ, ಆಕಾಶಕ್ಕಿಂತ ಬೆಳಗುವ ದೀಪವೊಂದು ಪಕ್ಕದಲ್ಲಿದ್ದರೆ ಅದರ ಕಡೆಗೆ ಬೆನ್ನು ತಿರುಗಿಸುತ್ತಾ, ಅದನ್ನೇ ಸುತ್ತುತ್ತಾ, ಅಲ್ಲಿಂದ ಬಿಡಿಸಿಕೊಳ್ಳಲಾರದೆ ಸಿಕ್ಕಿಬೀಳುತ್ತವೆ. ಆಯುಷ್ಯವೇ ಒಂದೆರಡು ವಾರವಾಗಿರುವ, ಊಟವಿಲ್ಲದ ಜೀವಿಗೆ ಒಂದು ರಾತ್ರಿ ದೀಪದ ಸುತ್ತ ಕಳೆದುಹೋದರೆ ಅದು ಸಂಗಾತಿಯನ್ನು ಸೇರುವ ರಾತ್ರಿಯೇ ಆಗಿರಬಹುದು. ಈ ಹೋಂಸ್ಟೇಯಲ್ಲಿ ಬಟ್ಟೆಯ ಮುಂದಿನ ದೀಪವನ್ನು ಎರಡು ತಾಸಿನೊಳಗೆ ಆರಿಸುತ್ತಾರೆ, ಬಟ್ಟೆಯನ್ನು ಅಲ್ಲಿಯೇ ಬಿಟ್ಟು ಕುಳಿತ ಪತಂಗಗಳು ತಾವಾಗಿ ಹಾರಿಹೋಗಲು ಸಮಯ ಕೊಡುತ್ತಾರೆ, ಬೆಳಗಾಗುವ ಮೊದಲು ಬಟ್ಟೆಯನ್ನು ಮೆಲ್ಲಗೆ ಕೊಡವಿ ಪೊದೆಯ ನೆರಳಿನಲ್ಲಿ ಇಡುತ್ತಾರೆ. ಇಲ್ಲವಾದರೆ ಸೂರ್ಯ ಹುಟ್ಟಿದೊಡನೆ ಕಾಜಾಣಗಳು, ಪಿಕಳಾರಗಳು ಬಂದು ಒಂದನ್ನೂ ಉಳಿಸುವುದಿಲ್ಲ.

ಅದೇ ಮೊದಲ ರಾತ್ರಿ ಬಟ್ಟೆಗೆ ಬಂದ ಚಂದ್ರ ಪತಂಗವನ್ನು ನಾನು ಮರೆಯಲಾರೆ. ತಿಳಿಹಸಿರು ರೆಕ್ಕೆ, ಹಿಂದಿನ ರೆಕ್ಕೆಯಿಂದ ಇಳಿದ, ತುದಿಯಲ್ಲಿ ತಿರುಚಿದ ಉದ್ದ ಬಾಲಗಳು. ಈ ಕುಟುಂಬದ ಪತಂಗಗಳಿಗೆ ಕಿವಿಯಿಲ್ಲ. ಬಾವಲಿಯ ಕೂಗನ್ನು ಕೇಳಿ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಅಮೆರಿಕದ ಲೂನಾ ಎಂಬ ಇದರ ಸಂಬಂಧಿಯ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಾಲ ಕಳೆದುಕೊಂಡ ಪತಂಗಗಳು ಬಾವಲಿಗೆ ಹೆಚ್ಚಾಗಿ ಸಿಕ್ಕಿದವು, ಬಾಲವಿದ್ದವು ತಪ್ಪಿಸಿಕೊಂಡವು: ತಿರುಗುವ ಬಾಲದ ತುದಿಯಿಂದ ಹಿಂತಿರುಗುವ ಪ್ರತಿಧ್ವನಿ ಬಾವಲಿಯ ಗುರಿಯನ್ನು ಮೈಯಿಂದ ಬಾಲದ ಕಡೆಗೆ ಸೆಳೆಯುತ್ತದೆ. ನಮ್ಮ ಬಟ್ಟೆಯ ಮೇಲಿದ್ದ ಪತಂಗಕ್ಕೂ ಒಂದು ಬಾಲ ಅರ್ಧಕ್ಕೆ ಹರಿದಿತ್ತು. ಹುಡುಗನಿಗೆ ಈ ಪ್ರಯೋಗಗಳ ಸುದ್ದಿ ಗೊತ್ತಿರಲಿಲ್ಲ, ಆದರೆ ದೀಪದ ಮೇಲೆ ಸುತ್ತುತ್ತಿದ್ದ ಬಾವಲಿಗಳನ್ನು ತೋರಿಸಿ, ಬಾಲ ಹರಿದ ಚಂದ್ರ ಪತಂಗಗಳನ್ನು ತಾನು ಎಷ್ಟೋ ಕಂಡಿರುವುದಾಗಿ ಹೇಳಿದ. ನೋಡಿ ಕಲಿತ ಇಂತಹ ತಿಳಿವಳಿಕೆ ಅವನಲ್ಲಿ ಧಾರಾಳವಾಗಿದೆ. ಹೆಸರು ತಿಳಿಯದ ಪತಂಗ ಬಂದಾಗ ಏನೋ ಒಂದು ಹೆಸರು ಹೇಳಿ ಮುಗಿಸದೆ, ಚಿತ್ರ ತೆಗೆದು ಆಮೇಲೆ ತಿಳಿದವರನ್ನು ಕೇಳಿ ನಮಗೆ ಕಳುಹಿಸಿದ್ದು ನನಗೆ ಬಹಳ ಹಿಡಿಸಿತು.

ಇನ್ನು ದೊಡ್ಡ ಕೊರತೆ. ಬಟ್ಟೆಯ ದೀಪವನ್ನು ಇಷ್ಟು ಶಿಸ್ತಿನಿಂದ ಆರಿಸುವ ಮನೆಯಲ್ಲಿಯೇ, ಜಗಲಿಯಲ್ಲಿ ಮತ್ತು ವಾಹನ ನಿಲ್ಲಿಸುವ ಜಾಗದಲ್ಲಿ ಬೆಳ್ಳಗಿನ ಪ್ರಖರ ಎಲ್‌ಇಡಿ ದೀಪಗಳು ರಾತ್ರಿಯಿಡೀ ಉರಿಯುತ್ತವೆ. ಬೆಳಗ್ಗೆ ಎದ್ದು ನೋಡಿದರೆ ಜಗಲಿಯ ಗೋಡೆಯ ಮೇಲೆ ಹತ್ತಾರು ಪತಂಗಗಳು, ನೆಲದ ಮೇಲೆ ಹಕ್ಕಿ ತಿಂದು ಬಿಟ್ಟ ರೆಕ್ಕೆಗಳು. ಒಂದು ಕೈಯಿಂದ ಕಾಪಾಡಿದ್ದನ್ನು ಇನ್ನೊಂದು ಕೈಯಿಂದ ಕಳೆದಂತಾಯಿತು. ಮನೆಯ ಯಜಮಾನರಲ್ಲಿ ಈ ಬಗ್ಗೆ ಮಾತನಾಡಿದೆ. ರಾತ್ರಿ ಹಾವು, ಕಾಡುಹಂದಿಗಳ ಭಯಕ್ಕೆ ಅತಿಥಿಗಳೇ ದೀಪ ಬೇಕೆಂದು ಕೇಳುತ್ತಾರೆ ಎಂದರು. ಆ ಮಾತನ್ನು ತಳ್ಳಿಹಾಕಲಾಗದು. ಆದರೆ ದಾರಿಗಳಿವೆ. ಬಿಳಿಯ ಬದಲು ಹಳದಿ ಬೆಳಕಿನ ಮಂದ ಬಲ್ಬುಗಳನ್ನು ಹಾಕಿದರೆ ಕೀಟಗಳು ಬರುವುದು ಬಹಳ ಕಡಿಮೆಯಾಗುತ್ತದೆ. ಬೆಳಕು ಕೆಳಕ್ಕೆ ಮಾತ್ರ ಬೀಳುವಂತೆ ಮುಚ್ಚಳ ಹಾಕಬಹುದು. ಯಾರಾದರೂ ನಡೆದಾಗ ಮಾತ್ರ ಹೊತ್ತಿಕೊಳ್ಳುವ ದೀಪಗಳು ಈಗ ತೀರ್ಥಹಳ್ಳಿಯ ಪೇಟೆಯಲ್ಲಿಯೂ ಸಿಗುತ್ತವೆ. ವಾಹನ ನಿಲ್ಲಿಸುವ ಜಾಗದ ದೀಪವನ್ನು ಬದಲಾಯಿಸುವುದಾಗಿ ಅವರು ಒಪ್ಪಿದರು, ಜಗಲಿಯದನ್ನು ಯೋಚಿಸುವುದಾಗಿ ಹೇಳಿದರು. ಅದು ಬದಲಾಗುವವರೆಗೆ ಈ ಸೇವೆಗೆ ಪೂರ್ಣ ಅಂಕ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಐದರಲ್ಲಿ ನಾಲ್ಕು.

ಇನ್ನೊಂದು ಸಣ್ಣ ಆಕ್ಷೇಪ ಗುಂಪಿನ ಗಾತ್ರದ ಬಗ್ಗೆ. ಒಬ್ಬನೇ ಮಾರ್ಗದರ್ಶಿ ಇರುವಾಗ ಆರು ಮಂದಿಗಿಂತ ಹೆಚ್ಚು ಜನರನ್ನು ಬೆಟ್ಟಕ್ಕೆ ಕರೆದೊಯ್ಯಬಾರದು. ಮೊದಲ ರಾತ್ರಿ ನಾವು ಅದಕ್ಕಿಂತ ಹೆಚ್ಚಿದ್ದೆವು. ಹಿಂದಿದ್ದವರಿಗೆ ಅವನು ಹೇಳಿದ್ದು ಕೇಳಿಸಲಿಲ್ಲ, ಮುಂದಿದ್ದವರ ಟಾರ್ಚು ಎಲ್ಲೆಡೆ ಹರಿದಾಡಿತು. ಕ್ಯಾಮೆರಾದ ಫ್ಲ್ಯಾಶ್ ಬಳಕೆಗೂ ಒಂದು ನಿಯಮ ಬೇಕು.

ಊಟ, ವಸತಿಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಕಾಣಿಸುವುದಿಲ್ಲ. ಕೋಣೆಗಳು ಸರಳ, ಶುಚಿ; ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಬಚ್ಚಲ ಒಲೆಯ ಪಕ್ಕದಲ್ಲಿ ಜಾಗ ಕೊಡುತ್ತಾರೆ. ಬೆಳಗ್ಗೆ ಕಡುಬು, ಮಧ್ಯಾಹ್ನ ಕಳಲೆಯ ಪಲ್ಯ, ಒಂದೆಲಗದ ತಂಬುಳಿ, ರಾತ್ರಿ ನಡಿಗೆಯಿಂದ ಹಿಂತಿರುಗಿದೊಡನೆ ಬಿಸಿ ಕಷಾಯ. ಮನೆಯ ಅಮ್ಮ ಕಾಲುಗಳನ್ನು ತೋರಿಸಲು ಹೇಳಿ ಇಂಬಳಗಳನ್ನು (ಜಿಗಣೆಗಳನ್ನು) ತಾವೇ ಸುಣ್ಣ ಹಚ್ಚಿ ಬಿಡಿಸಿದರು. ಮೊಬೈಲ್ ಸಂಪರ್ಕ ಅಂಗಳದ ಒಂದು ಮೂಲೆಯಲ್ಲಿ ಮಾತ್ರ.

ಹೋಗುವವರಿಗೆ ನನ್ನ ಕಿವಿಮಾತುಗಳು ಕೆಲವೇ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಸೀಮೆ ಇದು. ಜುಲೈ ತಿಂಗಳ ಜಡಿಮಳೆಯಲ್ಲಿ ಬಟ್ಟೆ ಕಟ್ಟಲೂ ಆಗದ ರಾತ್ರಿಗಳೇ ಹೆಚ್ಚು. ಮುಂಗಾರಿನ ಮೊದಲ ಮಳೆಗಳಾದ ಮೇಲೆ, ಅಥವಾ ಮಳೆ ಇಳಿಮುಖವಾದ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಬಂದರೆ ನಡೆಯಲು ಅನುಕೂಲ. ಹುಣ್ಣಿಮೆಯ ಆಸುಪಾಸಿನಲ್ಲಿ ದೀಪಕ್ಕೆ ಬರುವ ಪತಂಗಗಳು ಕಡಿಮೆ, ಅಮಾವಾಸ್ಯೆಯ ಹತ್ತಿರದ ದಿನಗಳನ್ನು ಆರಿಸಿಕೊಳ್ಳಿ. ಮೊಣಕಾಲಿನವರೆಗೆ ಬರುವ ಇಂಬಳದ ಕಾಲುಚೀಲ, ಛತ್ರಿಗಿಂತ ಮಳೆ ಅಂಗಿ, ಕೆಂಪು ಬೆಳಕಿನ ಟಾರ್ಚು ಇದ್ದರೆ ಸಾಕು. ಸುಗಂಧದ್ರವ್ಯ, ಸೊಳ್ಳೆ ಓಡಿಸುವ ಸ್ಪ್ರೇಗಳನ್ನು ಬಟ್ಟೆಯ ಹತ್ತಿರ ಬಳಸಬೇಡಿ. ಬೆಳಗಿನವರೆಗೂ ಕಾಯುವ ತಾಳ್ಮೆಯಿರುವ ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ. ನಮ್ಮ ಗುಂಪಿನಲ್ಲಿದ್ದ ಶಾಲಾ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗಳು ದೊಡ್ಡವರೆಲ್ಲರ ಪ್ರಶ್ನೆಗಳಿಗಿಂತ ಮೇಲಾಗಿದ್ದವು. ಒಂದೇ ರಾತ್ರಿ ಉಳಿದು, ಅಟ್ಲಾಸ್ ಕಂಡು, ಚಿತ್ರ ತೆಗೆದು ಹೊರಟುಬಿಡಬೇಕೆನ್ನುವವರಿಗೆ ಇದು ತಕ್ಕ ಜಾಗವಲ್ಲ. ಕನಿಷ್ಠ ಎರಡು ರಾತ್ರಿಗಳಿರಲಿ.

ಉಡುಪಿಯ ಕಡೆಯಿಂದ ಬರುವವರು ಹೆಬ್ರಿ ದಾಟಿ ಆಗುಂಬೆ ಘಾಟಿಯ ತಿರುವುಗಳನ್ನು ಹಗಲಿನಲ್ಲಿಯೇ ಹತ್ತಿ ಮುಗಿಸುವುದು ಒಳ್ಳೆಯದು. ಮಳೆಗಾಲದ ಸಂಜೆ ಅಲ್ಲಿ ಮಂಜು ಇಳಿದರೆ ಮುಂದಿನ ವಾಹನವೂ ಕಾಣುವುದಿಲ್ಲ. ಶಿವಮೊಗ್ಗದಿಂದ ಬರುವವರಿಗೆ ತೀರ್ಥಹಳ್ಳಿಯವರೆಗೆ ಬಸ್ಸುಗಳು ಸಾಕಷ್ಟಿವೆ, ಅಲ್ಲಿಂದ ಮುಂದೆ ಮನೆಯವರೇ ಜೀಪು ಕಳುಹಿಸುತ್ತಾರೆ. ರಾತ್ರಿ ನಡಿಗೆಯ ಶುಲ್ಕ ಕೋಣೆಯ ಬಾಡಿಗೆಯಲ್ಲಿ ಸೇರಿಲ್ಲ. ತಲೆಗಿಷ್ಟು ಎಂದು ಬೇರೆಯಾಗಿ ಕೊಡಬೇಕು, ಮಳೆಯಿಂದಲೋ ಮೊನ್ನೆಯಂತಹ ಕಾರಣದಿಂದಲೋ ನಡಿಗೆ ನಿಂತರೆ ಆ ಹಣವನ್ನು ಕೇಳುವುದಿಲ್ಲ. ನೀವು ಬೇರೆ ಯಾವ ಹೋಂಸ್ಟೇಗೆ ಹೋಗುವುದಾದರೂ ಕಾಯ್ದಿರಿಸುವ ಮೊದಲು ಫೋನಿನಲ್ಲಿ ಮೂರು ವಿಷಯ ಕೇಳಿ: ಬಟ್ಟೆಯ ದೀಪವನ್ನು ಎಷ್ಟು ಹೊತ್ತಿಗೆ ಆರಿಸುತ್ತೀರಿ, ಅತಿಥಿಗಳು ಪತಂಗವನ್ನು ಮುಟ್ಟಬಹುದೇ, ಅಂಗಳದ ದೀಪಗಳು ರಾತ್ರಿಯಿಡೀ ಉರಿಯುತ್ತವೆಯೇ. ಮೊದಲನೆಯದಕ್ಕೆ ಬೆಳಗಿನವರೆಗೂ ಇರುತ್ತದೆ ಎಂದೋ, ಎರಡನೆಯದಕ್ಕೆ ಕೈಮೇಲೆ ಕೂರಿಸಿ ಫೋಟೋ ತೆಗೆದುಕೊಡುತ್ತೇವೆ ಎಂದೋ ಉತ್ತರ ಬಂದರೆ ಅಲ್ಲಿಗೆ ಹೋಗಬೇಡಿ. ಮೂರನೆಯದಕ್ಕೆ ಹೌದೆಂದರೆ, ನಿಮ್ಮ ಕೋಣೆಯ ಮುಂದಿನ ದೀಪವನ್ನಾದರೂ ಆರಿಸಲು ಹೇಳಿ.